ಹಳೇ ಕಟ್ಟಡದ ಪಟ್ಟಿಯಲ್ಲಿ ಉಳಿದ ಹೆಸರು

ಪ್ಲೊವ್‌ದಿವ್ ಊರಿನ ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಇಬ್ಬರು ನಿಂತಿದ್ದರು. ಹಿರಿಯಳಾದ ಪೆನ್ಕಾ ಕುದಿಯುತ್ತಿದ್ದಳು. ಬೊಯಾನ್ ತಲೆ ತಗ್ಗಿಸಿದ್ದ.

"ಇಪ್ಪತ್ತು ದಿನದಿಂದ ಹಳೇ ಕಟ್ಟಡದ ಸರ್ವರ್‌ಗೆ ನಮ್ಮ ಸಿಬ್ಬಂದಿ ಪಟ್ಟಿ ನಕಲಾಗಿಲ್ಲ ಕಣೋ! ಹೊಸ ನರ್ಸ್‌ಗೆ ಅಲ್ಲಿ ರೋಗಿಗಳ ವಿವರಾನೇ ತೆರೆಯೋಕೆ ಆಗ್ತಿಲ್ಲ."

"ನಮ್ಮ ಸರ್ವರ್‌ನ ಗುರುತಿನ ಸರ್ಟಿಫಿಕೇಟ್ ಹೊಸದು ಹಾಕಿದ್ನಲ್ಲಕ್ಕಾ?"

"ನೀನು ಹಾಕಿದೆ ಮಹಾರಾಯ, ಸರ್ವರ್‌ನ ಹೊಸ ಹೆಸರಲ್ಲಿ! ಆ ಕಡೆಯದಕ್ಕೆ ಹಳೇ ಹೆಸರು ಮಾತ್ರ ಗೊತ್ತು. ನೀನ್ಯಾರು ಅಂತ ಬಾಗಿಲಲ್ಲೇ ಅಟ್ತಾ ಇತ್ತು."

"ಖರೀದಿ ವಿಭಾಗದ ಗಂಚೆವ್ ಅವರು ಫೋನ್ ಮಾಡಿ, ಅಲ್ಲೇನೂ ತೊಂದರೆ ಇಲ್ಲ ಅಂದಿದ್ರು."

"ಅವರಿಗೇನು ತೊಂದರೆ? ಒಂದನೇ ತಾರೀಕೇ ಅಮಾನತಾದ ಮನುಷ್ಯ! ಅವರ ಹೆಸರು ನಮ್ಮ ಪಟ್ಟೀಲಿ ತೆಗೆದಿದೀವಿ, ಅಲ್ಲಿ ಹಾಗೇ ಇತ್ತು. ದಿನಾ ಮನೇಲಿ ಕೂತೇ ಆ ಸರ್ವರ್ ಒಳಗೆ ಹೋಗಿ ಟೆಂಡರ್ ಕಡತ ಅಳಿಸಿದಾರೆ!"

"ಅಯ್ಯೋ! ಈಗ?"

"ಬೆಳಿಗ್ಗೆ ಸರ್ಟಿಫಿಕೇಟ್‌ನಲ್ಲಿ ಹೆಸರು ಸರಿಮಾಡಿದೆ. ನಮ್ಮ ಪಟ್ಟಿ ಪೂರ್ತಿ ಆ ಕಡೆ ನಕಲಾಯ್ತು."

ಅವಳ ಫೋನ್‌ಗೆ ಸಂದೇಶ ಬಂತು. ಓದಿ ಮುಖ ಕೆಂಪಾಯಿತು.

"ಯಾರಕ್ಕಾ?"

"ಗಂಚೆವ್. 'ನನ್ನ ಪಾಸ್‌ವರ್ಡ್ ಒಪ್ತಿಲ್ಲ, ತಕ್ಷಣ ಸರಿಮಾಡಿ' ಅಂತೆ!"

ಚೀಸ್ ತುಂಬಿದ ಬಿಸಿ ಬಾನಿತ್ಸಾ ತಿಂಡಿಯ ಪೊಟ್ಟಣ ಕಸಿದುಕೊಂಡಂತೆ ತೆಗೆದುಕೊಂಡು ಅವಳು ಆಸ್ಪತ್ರೆಯತ್ತ ನಡೆದಳು. ಬೊಯಾನ್ ಹಿಂದೆ ಓಡಿದ.