ನಳ ಬಂದು ಕೆಟ್ಟಿತು

“ಹಲೋ... ಹಾಂ, ಹಲೋ! ಯಾರ್ರಿ ಮಾತಾಡೋದು? ಕೋಣ್ ಬೋಲ್ತಯ್?... ಜರಾ ಜೋರಾಗಿ ಹೇಳ್ರಿ, ಇಲ್ಲಿ ನೀರಿನ ಸಪ್ಪಳದಾಗ ಏನೂ ಕೇಳವಲ್ದು.”

ದಾನಮ್ಮನ ಎರಡೂ ಕೈ ಸೋಪಿನ ನೊರೆಯಲ್ಲಿದ್ದವು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಳು. ನಾಶಿಕದ ಪಾಥರ್ಡಿ ಫಾಟಾದ ಹತ್ತಿರ ಏಳುತ್ತಿದ್ದ ಬಹುಮಹಡಿ ಕಟ್ಟಡದ ಬುಡದಲ್ಲಿ, ಒಂದು ತಗಡಿನ ಶೆಡ್ಡಿನಲ್ಲಿ, ಅವಳ ಬಾಲವಾಡಿ. ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ತಮ್ಮ ಮಕ್ಕಳನ್ನು ಬೆಳಿಗ್ಗೆ ಇಲ್ಲಿ ಬಿಟ್ಟು ಮೇಲಿನ ಮಾಳಿಗೆಗೆ ಹತ್ತುತ್ತಿದ್ದರು.

“ಗುರುಬಸವ ಸರ್ ಏನ್ರಿ? ಅಯ್ಯ, ದನಿನೇ ಗುರುತು ಹತ್ತಲಿಲ್ಲ ನೋಡ್ರಿ... ಎಲ್ಲಿದೀರಿ?... ದೌಲತಾಬಾದ್ ದರವಾಜಾದಾಗ? ಆ ಕೋಟಿ ಬಾಗಲ ಟ್ರಾಫಿಕ್‌ನಾಗ ಸಿಕ್ಕೊಂಡೀರಾ?... ಸಾಹೇಬ್ರಿಗೆ ಕೊಡೋ ಹೂವಿನ ಗುಚ್ಛಾನೂ ನಿಮ್ಮ ಹತ್ರಾನೇ ಅದೇನು?... ಬಾಡ್ಲಿ ಬಿಡ್ರಿ. ಬಸ್ಸು ಬಂದ್ರ ನಾವು ನೋಡ್ಕೋತೀವಿ.”

ಗುರುಬಸವ ಭಾಲ್ಕಿಯವನು. ಛತ್ರಪತಿ ಸಂಭಾಜಿನಗರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರರಿಂದ ಸಮಾಜಸೇವೆ ಮಾಡಿಸುವುದೇ ಅವನ ನೌಕರಿ. ದಾನಮ್ಮ ಮೊದಲ ಸಲ ಅವನನ್ನು ಕಂಡಾಗ ಒಂದೇ ಮಾತು ಕೇಳಿದ್ದಳು: ಮಕ್ಕಳಿಗೆ ನೀರಿಲ್ಲ, ಒಂದು ನಳ ಹಾಕಿಸಿಕೊಡಿ. ಅದು ಆಗುವುದಿಲ್ಲ ಎಂದಿದ್ದ. ನಳ ಹಾಕಿದರೆ ಪ್ಲಂಬರನ ಕೆಲಸವಾಗುತ್ತದೆ. ನೌಕರರು ಸ್ವಂತ ಕೈಯಿಂದ ಮಾಡಿದರೆ ಮಾತ್ರ ಸೇವೆಯ ತಾಸುಗಳು ಎಣಿಕೆಗೆ ಬರುತ್ತವೆ. ಹಾಗಾಗಿ ಆ ವಾರದಿಂದ ಪ್ರತಿ ಶನಿವಾರ ಕಂಪನಿಯ ನಾಶಿಕ ಶಾಖೆಯವರು ಗಿಳಿಹಸಿರು ಅಂಗಿ ತೊಟ್ಟು ಏಸಿ ಬಸ್ಸಿನಲ್ಲಿ ಬರತೊಡಗಿದರು. ರಸ್ತೆಯಾಚೆಯ ಬೋರ್‌ವೆಲ್ಲಿನಿಂದ ಶೆಡ್ಡಿನವರೆಗೆ ಸಾಲಾಗಿ ನಿಂತು ಬಕೆಟ್ಟು ದಾಟಿಸುತ್ತಿದ್ದರು. ಅರ್ಧ ನೀರು ಅವರ ಬೂಟಿನೊಳಗೆ ಹೋದರೂ ಸಂಜೆಯೊಳಗೆ ಡ್ರಮ್ಮು ತುಂಬುತ್ತಿತ್ತು. ಉಳಿದ ದಿನ ಹೊರುವುದು ದಾನಮ್ಮ ಮತ್ತು ಅವಳ ಸಹಾಯಕ್ಕಿದ್ದ ಸಕ್ರವ್ವನ ಪಾಲು. ಆದರೂ ಕಂಪನಿಯಿಂದ ಮಕ್ಕಳಿಗೆ ದಿನಾ ಮೊಟ್ಟೆ ಬರುತ್ತಿತ್ತು, ಸಕ್ರವ್ವನ ಪಗಾರ ಬರುತ್ತಿತ್ತು. ದಾನಮ್ಮ ಬಾಯಿ ಮುಚ್ಚಿಕೊಂಡಿದ್ದಳು.

“ಏನ್ ಸಪ್ಪಳ ಅಂತೀರಾ? ಅದನ್ನ ಹೇಳ್ಬೇಕಂತಿದ್ದೆ. ನಮಗ ನಳ ಬಂತ್ರಿ, ಸರ್! ಶೆಡ್ಡಿನ ಬಾಗಿಲಿಗೇ ಬಂದದ... ಹಲೋ?... ಹಲೋ, ಸರ್, ಇದೀರಾ?... ಖುಷಿ ಆಗಲಿಲ್ಲೇನ್ರಿ?”

...

“ಯಾರು ಹಾಕಿದ್ರಂದ್ರ? ಬಿಲ್ಡರ್ ಹಾಕಿಸಿದ್ರು... ಅಲ್ಲ, ಅವರಿಗೆ ನಮ್ಮ ಮ್ಯಾಲ ಕನಿಕರ ಬಂದಿಲ್ಲ. ಅದು ನಿಮ್ಮವ್ರಿಂದಾನೇ ಆತು. ಹ್ಯಾಂಗಂದ್ರ, ಶನಿವಾರ ಫ್ಲ್ಯಾಟ್ ನೋಡ್ಲಿಕ್ಕ ಗಿರಾಕಿಗಳು ಬರ್ತಾರಲ್ಲ? ಬಂದವ್ರು ನೋಡಿದ್ರು, ಇಂಗ್ಲಿಷ್ ಮಾತಾಡೋ ಮಂದಿ ಬಕೆಟ್ ಹೊತ್ತು ನೀರು ತರ್ಲತ್ತಾರ. ಈ ಬಿಲ್ಡಿಂಗಿಗೆ ನೀರೇ ಇಲ್ಲ, ಫ್ಲ್ಯಾಟ್ ತಗೊಂಡ ಓನರ್‌ಗಳೇ ಹೊರ್ಲತ್ತಾರ ಅಂತ ತಿಳಕೊಂಡು ಗಾಡಿ ತಿರುಗಿಸಿಬಿಟ್ರು! ಒಬ್ಬಿಬ್ಬರಲ್ರಿ, ಬಂದವರೆಲ್ಲ... ನಾ ಯಾಕ ಸುಳ್ಳು ಹೇಳ್ಲಿ? ಬಿಲ್ಡರ್ ನಿನ್ನೆ ಸ್ವಂತ ನಿಂತು ಪೈಪ್ ಹಾಕಿಸಿದ್ರು.”

...

“ಬಂದ್ ಮಾಡ್ಬೇಕಾ? ಯಾಕ್ರಿ?... ಹಾಂ, ಸಿಂಗಾಪುರದ ದೊಡ್ಡ ಸಾಹೇಬ್ರು ಬರ್ತಾರ, ಗೊತ್ತದ... ಬಕೆಟ್ ಸಾಲು ನೋಡ್ಲಿಕ್ಕ ಬರ್ತಾರಾ? ನೀರು ನೋಡ್ಲಿಕ್ಕಲ್ಲ?... ತಾನೂ ಸಾಲಿನಾಗ ನಿಂದ್ರತಾರಾ? ಅಯ್ಯೋ ದೇವ್ರೆ.”

ದಾನಮ್ಮ ನಳದ ಕಡೆ ನೋಡಿದಳು. ಬೆಳಿಗ್ಗೆಯಿಂದ ಮಕ್ಕಳಿಗೆ ಸ್ನಾನದ ಹಬ್ಬ. ಒಂದು ಸಲ ಮೈ ತೊಳೆಸಿಕೊಂಡವರು ಮಣ್ಣಿನಲ್ಲಿ ಹೊರಳಿ ಮತ್ತೆ ಸರದಿಗೆ ಬರುತ್ತಿದ್ದರು. ಅತ್ತ ಮೊಟ್ಟೆಯ ಟ್ರೇ, ಇತ್ತ ನಳ. ಒಂದು ದಿನದ ಮಾತಲ್ಲವೇ ಎಂದು ಅವಳ ಮನಸ್ಸು ಹೊಯ್ದಾಡಿತು.

“ಹೋಗ್ಲಿ, ಒಂದು ಗೋಣಿಚೀಲ ಹೊದಿಸ್ತೀನಿ. ನಡೀತದಲ್ಲ?... ಸಕ್ರವ್ವ, ಆ ಸಿಮೆಂಟ್ ಚೀಲ ತಾ ಇಲ್ಲಿ.”

ಸಕ್ರವ್ವ ಕಾರಣ ಕೇಳದೆ ನಳಕ್ಕೆ ಚೀಲ ಹೊದಿಸಿದಳು. ನಿನ್ನೆ ಉಳಿದಿದ್ದ ಸಣ್ಣಪುಟ್ಟ ಕೆಲಸ ಮುಗಿಸಿ ಸಾಮಾನು ಕಟ್ಟುತ್ತಿದ್ದ ಪ್ಲಂಬರ್ ದತ್ತು ಇದನ್ನು ಕಂಡು ಪೈಪು ಬಿಗಿಯುವ ಪಾನಾ ಕೆಳಗಿಟ್ಟ. “ಅಹೋ ತಾಈ, ನಳ ಆಹೇ, ಮುಡದಾ ನಾಹೀ!” ಎಂದು ಸಿಟ್ಟಾದ. ಇದು ನಳ ಅಕ್ಕಾ, ಹೆಣವಲ್ಲ ಎಂದು ಅವನ ದೂರು.

“ಇಲ್ರಿ, ನಿಮಗಲ್ಲ, ಪ್ಲಂಬರ್ ಮಾತಾಡ್ಲತ್ತಾನ... ಏನಂದ್ರಿ? ಚೀಲದ ಕೆಳಗಿಂದ ನೀರು ಯಾಕ ಸೋರ್ತದ ಅಂತ ಸಾಹೇಬ್ರು ಕೇಳ್ತಾರಾ? ಹೌದು, ಕೇಳೇ ಕೇಳ್ತಾರ... ಹಾಂ?... ತಡೀರಿ, ಮತ್ತೊಮ್ಮೆ ಹೇಳ್ರಿ. ನಿಮ್ಮವ್ರು ಈ ನಳದಾಗ ಬಕೆಟ್ ತುಂಬ್ಕೋತಾರ. ತುಂಬ್ಕೊಂಡು ಬೋರ್‌ವೆಲ್ ತನಕ ಹೋಗ್ತಾರ. ಅಲ್ಲಿಂದ ಸಾಲು ಹಚ್ಚಿ ವಾಪಸ್ ತಂದು, ನಳದ ಬಾಜೂಕ ಇರೋ ಡ್ರಮ್ಮಿಗೆ ಸುರೀತಾರ. ಹಂಗೇನು?... ತಾಸು ಎಣಿಕಿಗೆ ಬರ್ತಾವಾ? ದುಪ್ಪಟ್ಟು ಬರ್ತಾವಾ!”

ಅವಳಿಗೆ ನಗು ತಡೆಯಲಾಗಲಿಲ್ಲ. ಹೆಗಲ ಮೇಲಿನ ಫೋನು ಜಾರಿ ಬೀಳುವುದರಲ್ಲಿತ್ತು. ಕೈ ಒರೆಸಿಕೊಂಡು ಸರಿಯಾಗಿ ಹಿಡಿದುಕೊಂಡಳು.

“ನಗ್ಲತ್ತಿಲ್ಲ, ಸರ್. ಕೆಮ್ಮು... ಮಕ್ಕಳು ನೀರಡಿಸಿದಂಗ ಕಾಣ್ಬೇಕಾ? ಅದು ಮಾತ್ರ ಆಗಲ್ರಿ. ಮುಂಜಾನಿಂದ ಕುಡ್ದು ಕುಡ್ದು ಹೊಟ್ಟಿ ಡುಬ್ಬಾಗ್ಯಾವ. ಸಾಹೇಬ್ರ ಮುಂದ ನಿಲ್ಸಿದ್ರ ಎರಡು ನಿಮಿಷಕ್ಕೊಬ್ಬ ಚಡ್ಡಿ ಹಿಡ್ಕೊಂಡು ಓಡ್ತಾನ.”

...

“ಪೂರ್ತಿ ವಾಲ್ವ್ ಬಂದ್ ಮಾಡ್ಬೇಕಾ? ಎಷ್ಟು ದಿನ?... ಮಾರ್ಚ್ ತನಕ? ನಿಮ್ಮ ವರ್ಷದ ತಾಸು ತುಂಬೋ ತನಕ? ಸರ್, ಈಗಿನ್ನೂ ದೀಪಾವಳಿ ಮುಗದದ.”

ಈಗ ಅವಳು ನಗಲಿಲ್ಲ.

“ಇಲ್ದಿದ್ರ ಏನಾಗ್ತದ?... ಹಾಂ... ಮೊಟ್ಟಿ ನಿಂತು ಹೋಗ್ತಾವ... ಸಕ್ರವ್ವನ ಪಗಾರಾನೂ... ನಿಮ್ಮ ಮಂದಿಗೆ ಕೆಲಸ ಇಲ್ದ ಜಾಗಾಕ್ಕ ಕಂಪನಿ ಏನೂ ಕೊಡಂಗಿಲ್ಲ, ಅಲ್ವಾ? ತಿಳೀತು.”

ದಾನಮ್ಮ ಫೋನಿನ ಮೇಲೆ ಅಂಗೈ ಮುಚ್ಚಿ ಸಕ್ರವ್ವನಿಗೆ ವಿಷಯ ಹೇಳಿದಳು. ಮುಚ್ಚಿಡಬಹುದಿತ್ತು, ಆದರೆ ಹೋಗುವ ಪಗಾರ ಸಕ್ರವ್ವನದು, ಅವಳನ್ನು ಕೇಳದೆ ಹೇಗೆ ತೀರ್ಮಾನ ಮಾಡುವುದು? ಸಕ್ರವ್ವ ನಳದ ಮೇಲಿನ ಚೀಲ ತೆಗೆದು, ಝಾಡಿಸಿ, ಕೆಳಗೆ ಹಾಸಿಕೊಂಡು ಅದರ ಮೇಲೆ ಕೂತಳು. ನಳ ತಿರುವಿ ತಲೆಯನ್ನು ಅದರ ಕೆಳಗೆ ಒಡ್ಡಿದಳು. ನೀರು ಕೂದಲಿನಿಂದ ಬೆನ್ನಿಗಿಳಿಯಿತು.

“ಪಗಾರ ಹೋದ್ರ ಮ್ಯಾಲ ಇಟ್ಟಂಗಿ ಹೊರ್ತೀನಿ. ಅದಕ್ಕಾದ್ರೂ ಕೂಲಿ ಕೊಡ್ತಾರ. ಈ ನೀರು ಹೊತ್ತು ಹೊತ್ತು ಕುತ್ತಿಗಿ ಹೋಗ್ಯದ, ಯವ್ವಾ. ಇನ್ನ ಬಂದ್ ಮಾಡಬ್ಯಾಡ,” ಎಂದಳು.

ದಾನಮ್ಮ ಫೋನಿನ ಮೇಲಿನ ಕೈ ತೆಗೆದಳು.

“ಸರ್, ನಳ ಬಂದ್ ಮಾಡಲ್ರಿ... ಇಲ್ಲ, ಒಂದು ತಾಸೂ ಇಲ್ಲ. ಮೊಟ್ಟಿ ನಿಂತ್ರ ನಿಲ್ಲಲಿ, ಊರ ಮಂದಿ ಹತ್ರ ಕೇಳ್ತೀನಿ, ಏನರ ಮಾಡ್ತೀನಿ... ಸಿಟ್ಟಾಗಿಲ್ರಿ... ಸರ್?... ಯಾಕ್ರಿ, ಅಳ್ಲತ್ತೀರೇನು?”

...

“ಪಾರ್ಕಿಂಗ್ ನೋಡ್ಕೊಳ್ಳೋ ಕೆಲಸಕ್ಕ ಹಾಕ್ತಾರಾ? ನಿಮ್ಮನ್ನ?... ತಾಸು ಕಮ್ಮಿ ಬಿದ್ರ ನಿಮ್ಮ ಖುರ್ಚಿನೂ ಹೋಗ್ತದಾ? ಅಯ್ಯ, ಇದನ್ನ ಮೊದಲ ಹೇಳ್ಬಾರ್ದೇನ್ರಿ!... ಹೌದೌದು. ಮನ್ಯಾಗ ತಾಯಿಗೆ ಏನ್ ಹೇಳ್ಕೊಂಡೀರಿ, ಮ್ಯಾನೇಜರ್ ಅಂತಾ?... ಅಳಬ್ಯಾಡ್ರಿ. ಹಿಂದಿನ ಗಾಡಿಯವ್ರು ನೋಡ್ತಾರ.”

ಇಷ್ಟು ದಿನ ಆ ಮನುಷ್ಯನನ್ನು ಕಂಪನಿಯೆಂದೇ ತಿಳಿದಿದ್ದಳು. ಅವನಿಗೂ ಮೇಲೊಬ್ಬ ಕೂತು ಎಣಿಸುತ್ತಾನೆಂದು ಹೊಳೆದಿರಲಿಲ್ಲ. ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೇಟಿನಲ್ಲಿ ಹಾರ್ನ್ ಕೂಗಿತು.

“ಸರ್, ಬಸ್ಸು ಬಂತು... ಹಾಂ, ಇಳೀಲತ್ತಾರ. ಎಲ್ಲಾರೂ ಹಸಿರು ಅಂಗಿ... ಸಾಹೇಬ್ರೂ ಹಸಿರು ಅಂಗಿನೇ ಹಾಕ್ಯಾರ, ಹೊಟ್ಟಿ ಮ್ಯಾಲ ಬಿಗಿ ಆಗ್ಯದ. ಮಾರಿ ಕೆಂಪು ಟೊಮ್ಯಾಟೊ ಆದಂಗ ಆಗ್ಯದ ಬಿಸಲಿಗೆ... ಬಸ್ಸಿನ ಏಸಿ ಕೆಟ್ಟದಂತ... ಇಲ್ಲ, ಬಕೆಟ್ ಹಿಡೀಲಿಲ್ಲ. ಸೀದಾ ನಳದ ಕಡೆ ಹೊಂಟಾರ, ಸರ್!”

ಸಾಹೇಬರು ಸಕ್ರವ್ವನ ಪಕ್ಕದಲ್ಲಿ ಬಗ್ಗಿದರು. ಅವಳು ಒದ್ದೆ ಕೂದಲು ಹಿಂಡುತ್ತ ಸರಿದು ಜಾಗ ಕೊಟ್ಟಳು. ಅವರು ಬೊಗಸೆ ತುಂಬಿ ಮುಖಕ್ಕೆ ಎರಚಿಕೊಂಡರು, ಕನ್ನಡಕ ತೊಳೆದರು, ಗಟಗಟನೆ ಕುಡಿದರು. ಹಿಂದಿನವರೆಲ್ಲ ತಂತಮ್ಮ ಬಾಟಲಿ ಹಿಡಿದು ಸರದಿ ನಿಂತರು. ಮಕ್ಕಳು ಅವರಿಗೆ ನಳ ಎತ್ತ ತಿರುವಬೇಕೆಂದು ತೋರಿಸಿದರು. ಸಾಹೇಬರು ಏನೋ ಕೇಳಿದರು. ಹಸಿರು ಅಂಗಿಯ ಹುಡುಗಿಯೊಬ್ಬಳು ಅದನ್ನು ಹಿಂದಿಯಲ್ಲಿ ದಾನಮ್ಮನಿಗೆ ತಿಳಿಸಿದಳು.

“ಸರ್, ಕೇಳ್ಲತ್ತೀರಾ? ಇಷ್ಟು ಛಲೋ ಕೆಲಸ ಯಾರು ಮಾಡಿದ್ರು ಅಂತ ಕೇಳ್ಲತ್ತಾರ ನಿಮ್ಮ ಸಾಹೇಬ್ರು... ಕಂಪನೀದು ಅಂತ ಹೇಳ್ಲಾ?... ಬಿಲ್ಡರದು ಅಂದ್ರ ನಿಮ್ಮ ಖುರ್ಚಿ ಹೋಗ್ತದ, ಕಂಪನೀದು ಅಂದ್ರ ನಾ ಸುಳ್ಳು ಹೇಳ್ದಂಗ... ನಿಮ್ಮವ್ರು ಬಕೆಟ್ ಹೊತ್ತಿದ್ದಕ್ಕ ನಳ ಬಂತು, ಇದು ಖರೇನ ಅದ. ಆದ್ರ ಅದನ್ನ ಹಿಂದಿಯಾಗ ಹ್ಯಾಂಗ ಹೇಳ್ಬೇಕೋ ನನಗ ತಿಳೀವಲ್ದು, ಹೇಳಿದ್ರೂ ಯಾರು ನಂಬ್ತಾರ?... ಏ ಸರ್, ಹಿಂಗ ಮಾಡ್ರಿ. ನೀವಾ ಹೇಳ್ರಿ, ಇಂಗ್ಲಿಷ್‌ನಾಗ. ಗಾಡಿ ತಿರುಗಿಸ್ಕೊಂಡು ಹೋದ ಗಿರಾಕಿ, ಸಿಟ್ಟಾದ ಬಿಲ್ಡರ್, ಎಲ್ಲಾ ಹೇಳ್ರಿ. ಇಂಥಾದ್ದು ಕೇಳಿ ಯಾರೂ ಸಿಟ್ಟಾಗಲ್ಲ. ಹಂಗ ಮೊಟ್ಟಿ ಮಾತೂ ಎತ್ರಿ, ಸಕ್ರವ್ವಂದೂ... ಅಯ್ಯ, ಹೆದರ್ತೀರೇನ್ರಿ, ನೀರು ಕುಡ್ದು ತಣ್ಣಗಾಗ್ಯಾರ! ತಗೋರಿ, ಸಾಹೇಬ್ರ ಕೈಗೇ ಫೋನ್ ಕೊಡ್ಲತ್ತೀನಿ... ಮಾತಾಡ್ರಿ... ಸರ್? ಗುರುಬಸವ ಸರ್?...”

ದೌಲತಾಬಾದಿನ ದರವಾಜಾದೊಳಗೆ ರೇಂಜು ಹೋಯಿತೋ, ಧೈರ್ಯ ಹೋಯಿತೋ, ಲೈನು ಕಟ್ಟಾಯಿತು.