ಅಮ್ಮನ ಕೋಳಿಗಳಿಗೆ ಬಕೆಟ್ಟು

ಹಿನೊತೇಗಾ ಊರಿನ ಗಿರಣಿ ಮುಂದೆ ಸಾಲು. ತೊರ್ತಿಯಾ ರೊಟ್ಟಿಗೆಂದು ಬೇಯಿಸಿದ ಮೆಕ್ಕೆಜೋಳದ ಪಾತ್ರೆ ಎರಡೂ ಕೈಯಲ್ಲಿತ್ತು. ಬೇರೆಯವರ ಮಾತಿಗೆ ಕಿವಿ ಮುಚ್ಚಿಕೊಳ್ಳಲು ನನಗೆ ಕೈಯೇ ಉಳಿದಿರಲಿಲ್ಲ. ನನ್ನ ಮುಂದೆ ಮೆಲಾನಿಯಾ, ಅವಳ ಮುಂದೆ ಅವಳದೇ ಪಕ್ಕದ ಮನೆಯ ಎನೇಯ್ದಾ.

“ಏನಮ್ಮಾ ಇಂಜಿನಿಯರಮ್ಮ, ಕೋಳಿಗೆ ಬಕೆಟ್ ಮಾಡಿದ್ಯಂತೆ?” ಎಂದಳು ಎನೇಯ್ದಾ, ಮೆಲಾನಿಯಾ ಕಡೆ ತಿರುಗಿ.

“ಹೂಂ ಅಕ್ಕಾ. ಪೇಂಟಿನ ಬಕೆಟ್ಟಿಗೆ ತೂತು ಕೊರೆದು ಪೈಪ್ ಸಿಕ್ಸಿದೆ. ತಿಂದಷ್ಟೂ ಕಾಳು ತಾನೇ ಇಳಿಯತ್ತೆ. ಅಮ್ಮ ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕ್ತಿದ್ಲಲ್ಲ.”

“ಒಳ್ಳೇದಾಯ್ತು ಬಿಡು.”

“ಏನ್ ಒಳ್ಳೇದು. ಅಮ್ಮ ಮಡಿಲಲ್ಲಿ ಕಾಳು ಹಿಡ್ಕೊಂಡು ಪಿಯೋ ಪಿಯೋ ಅಂತ ಕರೆದೇ ಕರೆದ್ಲು. ಹೊಟ್ಟೆ ತುಂಬಿದ್ ಕೋಳಿ ಯಾಕ್ ಬರ್ತವೆ? ನನ್ನ ಹೆಸರು ಮರ್ತಿದ್ರೂ ಅವುಗಳ ಹೆಸರು ಒಂದೂ ಮರ್ತಿರ್ಲಿಲ್ಲ ಅವ್ಳು.”

“ಹಾಗಾದ್ರೆ ಕಿತ್ತು ಬಿಸಾಕೇ ಅದನ್ನ. ನಿಮ್ಮಮ್ಮನಿಗಿಂತ ಜೋಳ ಹೆಚ್ಚಾ?”

“ಮೊನ್ನೇನೇ ಕಿತ್ತೆ. ಈಗ ಬೆಳಗಾದ್ರೆ ಎಲ್ಲವೂ ಬಾಗ್ಲಿಗೆ ಬಂದು ಅವಳ ಮುಖಾನೇ ನೋಡ್ತಾ ನಿಲ್ತವೆ.”

“ಮತ್ತಿನ್ನೇನು?”

“ಯಾರ ಮನೆ ಕೋಳಿ ಇವು, ಓಡ್ಸು ಅಂತಾಳೆ.”

ಗಿರಣಿಯವನು ಕೂಗಿದ. ಎನೇಯ್ದಾ ತನ್ನ ಸರದಿಯನ್ನು ಮೆಲಾನಿಯಾಗೆ ಬಿಟ್ಟುಕೊಟ್ಟಳು.