ಅಪ್ಪಣೆ ಕೊಟ್ಟ ಶ್ರೀಮಂತ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂದಕೂಡಲೇ ನೀವು ಅವನನ್ನು ಜಿಪುಣನ ಪಟ್ಟಕ್ಕೆ ಏರಿಸಿಬಿಡುತ್ತೀರಿ. ನೋಡಿ, ಮುಂದಿನ ಸಾಲಿನ ತಾಯಂದಿರು ಆಗಲೇ ನಗುತ್ತಿದ್ದಾರೆ. ತಡೆಯಿರಿ. ಈ ಶ್ರೀಮಂತ ಒಳ್ಳೆಯವನು. ಅವನು ಒಳ್ಳೆಯವನಾಗಿದ್ದಕ್ಕೇ ಈ ಕಥೆ ಹೇಳಬೇಕಾಗಿದೆ.

ಅವನದು ಹಾಡು ರೆಕಾರ್ಡ್ ಮಾಡಿ ಮಾರುವ ಕಂಪನಿ. ಹುಟ್ಟಿದೂರು ಬೇರೆ, ಮಾತಿನ ಧಾಟಿ ಬೇರೆ. ವ್ಯಾಪಾರಕ್ಕೆ ಬಂದವನು ಹಳೆಯ ನೂಲಿನ ಗಿರಣಿಯ ಹಿಂದಿನ ಓಣಿಯಲ್ಲಿ ರ‍್ಯಾಪ್ ಹಾಡುವುದನ್ನು ಕೇಳಿದ. ರ‍್ಯಾಪ್ ಅಂದರೇನು ಅಂತ ಅಜ್ಜಂದಿರು ಮುಖ ಮುಖ ನೋಡಿಕೊಳ್ಳಬೇಡಿ. ನಮ್ಮ ಗೀಗೀ ಪದದವರು ಸವಾಲು-ಜವಾಬು ಮಾಡುವುದಿಲ್ಲವೆ, ಅದರ ದೂರದ ನೆಂಟ ಅಂದುಕೊಳ್ಳಿ. ದೂರದೇಶದ ಬಡ ಕೇರಿಗಳಲ್ಲಿ ಕಪ್ಪು ಜನ ತಮ್ಮ ಸಂಕಟಕ್ಕೆ ಕಟ್ಟಿಕೊಂಡ ತಾಳ ಅದು. ಅಲ್ಲಿಯೂ ಹಾಡುವವರು ಕೇರಿಯವರು, ಕಂಪನಿಯ ಕುರ್ಚಿಯಲ್ಲಿ ಕೂತವರು ಬಹಳ ಸಲ ಹೊರಗಿನವರು. ತಾಳ ಇಲ್ಲಿಗೆ ಬಂತು. ಹಿಂದೆಯೇ ಕುರ್ಚಿಯೂ ಬಂತು.

ಆ ಓಣಿಯಲ್ಲಿ ಒಂದು ಪದ್ಧತಿ. ಹಾಡುವವನು ನಡುವೆ, ಉಳಿದವರು ಸುತ್ತ. ಒಬ್ಬ ಹೆಣ್ಣುಮಗಳು ಬಾಯಲ್ಲೇ ತಾಳ ಹಾಕುತ್ತಾಳೆ, ಡೋಲು ಬೇಕಿಲ್ಲ. ಸಾಲಿನ ಕೊನೆ ಮಾತ್ರ ಸುತ್ತ ನಿಂತವರದು. ಬಾಗಿಲಲ್ಲಿ ಅಕ್ಕಿ ಆರಿಸುವವರೂ ಅದನ್ನು ಎತ್ತಿಕೊಂಡು ತಿರುಗಿ ಹೇಳುತ್ತಾರೆ. ಮದುವೆಗೆ ಹೀಗೇ, ಜಗಳ ರಾಜಿಯಾದರೂ ಹೀಗೇ. ಯಾರಾದರೂ ತೀರಿಕೊಂಡರೆ ನಮ್ಮಲ್ಲಿ ಹೆಣದ ಮುಂದೆ ಭಜನೆಗೆ ಕೂರುತ್ತೇವಲ್ಲ, ಅವರಲ್ಲಿ ಅದಕ್ಕೂ ಇದೇ. ಸತ್ತವರ ಮಕ್ಕಳು ಹೊಸದಾಗಿ ಕಟ್ಟಿದ ಮೊದಲ ಸಾಲು ಹೇಳದೆ ಹೆಣ ಎತ್ತುವಂತಿಲ್ಲ.

ಶ್ರೀಮಂತನಿಗೆ ಆ ಹಾಡು ಎದೆಗೆ ತಾಗಿತು. ಸುಳ್ಳಲ್ಲ, ನಿಜವಾಗಿ ತಾಗಿತು. "ಆ ಓಣಿಯವರ ಹಾಡು ಯಾರು ಕೇಳ್ತಾರೆ?" ಅಂತ ತನ್ನ ಅಣ್ಣತಮ್ಮಂದಿರು ಆಡಿಕೊಂಡರೂ ಬಿಡದೆ, ಅಲ್ಲಿನ ಒಬ್ಬ ಹಾಡುಗಾರನ ಹಾಡು ರೆಕಾರ್ಡ್ ಮಾಡಿ ನಾಡಿಗೆಲ್ಲ ಮುಟ್ಟಿಸಿದ. ಓಣಿಗೆ ಬಂದಾಗಲೆಲ್ಲ ರೊಟ್ಟಿ ಮಾರುವ ಚಿಗವ್ವನ ಒಲೆಯ ಪಕ್ಕ ಮಣೆ ಎಳೆದುಕೊಂಡು ಕೂರುತ್ತಿದ್ದ. "ಸಾವ್ಕಾರ್ರ, ಖಾರ ಹತ್ತಿದ್ರ ನೀರ ಕೇಳ್ರಿ, ಹಂಗ ಅಳಬ್ಯಾಡ್ರಿ," ಅಂತ ಅವಳು ಚೇಷ್ಟೆ ಮಾಡಿದರೆ, ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಕೇಳುತ್ತಿದ್ದ. ನಾನೂ ಇವರವನಾದೆ ಅಂತ ಒಳಗೊಳಗೇ ಒಂದು ಹಿಗ್ಗು.

ಹಾಡಿಗೆ ಹೆಸರು ಬಂದ ಮೇಲೆ ಕಳ್ಳರೂ ಬಂದರು. ಆ ಹಾಡುಗಾರ ಓಣಿಯಲ್ಲಿ ಹೊಸದಾಗಿ ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಇನ್ನೊಂದು ಕಂಪನಿಗೆ ಮುಟ್ಟಿಸಿದರು. ಬೆಳೆಗೆ ದನ ನುಗ್ಗಿದರೆ ರೈತ ಏನು ಮಾಡುತ್ತಾನೆ? ಬೇಲಿ ಹಾಕುತ್ತಾನೆ. ಶ್ರೀಮಂತನೂ ಬೇಲಿ ಹಾಕಿದ. ಹಾಡುಗಾರನ ಕೈ ಹಿಡಿದು, "ನೋಡಪ್ಪ, ಇನ್ನು ಮೇಲೆ ನನ್ನನ್ನು ಕೇಳದೆ ಎಲ್ಲೂ ಹೊಸದು ಹಾಡಬೇಡ. ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೀನಿ. ಮಾತು ಕೊಡು," ಅಂದ. ಹಾಡುಗಾರ ಕೈಮೇಲೆ ಕೈ ಇಟ್ಟ. ಆ ಓಣಿಯಲ್ಲಿ ಕೊಟ್ಟ ಮಾತು ಅಂದರೆ ಕೊಟ್ಟ ಮಾತು.

ಬೇಲಿ ಹಾಕಿದ್ದು ತಪ್ಪೇ? ಆಗ ಯಾರಿಗೂ ಹಾಗನ್ನಿಸಲಿಲ್ಲ. ಅವನಿಗಂತೂ ಅನ್ನಿಸಲೇ ಇಲ್ಲ.

ಒಂದು ದಿನ ಚಿಗವ್ವ ತೀರಿಕೊಂಡಳು. ತಾಯಿಯಿಲ್ಲದ ಆ ಹಾಡುಗಾರನಿಗೆ ಉಣಿಸಿ ಬೆಳೆಸಿದವಳು ಅವಳೇ; ಮಕ್ಕಳಿಲ್ಲದ ಅವಳಿಗೆ ಮಗನೂ ಅವನೇ. ಶ್ರೀಮಂತ ಸುದ್ದಿ ಕೇಳಿದವನೇ ಹಾರ ಹಿಡಿದು ಬಂದ. ಮಟಮಟ ಮಧ್ಯಾಹ್ನ. ಚಿಗವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸುತ್ತ ಓಣಿಯೇ ನಿಂತಿತ್ತು. ನಡುವೆ ಹಾಡುಗಾರ, ತಲೆ ತಗ್ಗಿಸಿಕೊಂಡು. ತಾಳದವಳು ಒಂದು ಸಲ ತಾಳ ಎತ್ತಿದಳು, ನಿಲ್ಲಿಸಿದಳು. ಮತ್ತೆ ಎತ್ತಿದಳು. ಅವನ ಬಾಯಿ ತೆರೆಯಲಿಲ್ಲ. ಹೊತ್ತು ಇಳಿಯುತ್ತಿತ್ತು.

ಶ್ರೀಮಂತ ಹತ್ತಿರ ಹೋಗಿ ಭುಜ ಮುಟ್ಟಿದ. "ಯಾಕಪ್ಪ, ಹಾಡಲ್ಲವಾ?"

"ನಿಮ್ಮನ್ನ ಕೇಳಿಲ್ಲಲ್ರಿ."

"ಅಯ್ಯೋ, ಒಂದು ಫೋನ್ ಮಾಡಿದ್ದರೆ ಬೇಡ ಅಂತಿದ್ದೆನಾ?"

"ಅಂತಿರ್ಲಿಲ್ರಿ. ನನಗೂ ಗೊತ್ತೈತಿ. ಆದ್ರ, ಅವ್ವ ಸತ್ತಾಳ, ಅಳ್ಲೇನ್ರಿ ಅಂತ ಹೆಂಗ ಕೇಳ್ಲಿ?"

ಶ್ರೀಮಂತನಿಗೆ ಕಣ್ಣು ತುಂಬಿ ಬಂತು. "ಹಾಡಪ್ಪ, ಹಾಡು. ನಾನೇ ಹೇಳ್ತಿದ್ದೀನಲ್ಲ. ನನ್ನ ಅಪ್ಪಣೆ ಇದೆ."

ತಾಳದವಳು ಸಿಡಿದಳು. "ನಿನ್ನಿ ಬ್ಯಾಡ ಅಂದವ್ರೂ ನೀವ, ಇವತ್ತ ಹಾಡು ಅನ್ನವ್ರೂ ನೀವ. ಹಂಗಾದ್ರ ಅವನ ಬಾಯಿ ಯಾರದರೀ?"

ಯೋಚನೆ ಮಾಡಿ, ಅವನ ಜಾಗದಲ್ಲಿ ನೀವಿದ್ದರೆ? ಇಷ್ಟೆಲ್ಲ ಮಾಡಿದ್ದಕ್ಕೆ ಇದೇನಾ ಕೂಲಿ ಅನ್ನುತ್ತಿದ್ದಿರಿ. ಅವನಿಗೂ ನಾಲಿಗೆಯ ತುದಿಗೆ ಅದೇ ಬಂತು. ಅಣ್ಣತಮ್ಮಂದಿರನ್ನು ಎದುರು ಹಾಕಿಕೊಂಡವನು ತಾನು. ಕಳ್ಳರನ್ನು ತಡೆದವನು ತಾನು. ಇವರ ಒಲೆಯ ಮುಂದೆ ಕೂತು ಉಂಡವನು. ಇವರವನು ಅಂದುಕೊಂಡಿದ್ದನಲ್ಲ, ನೋವು ಅಲ್ಲೇ ಚುಚ್ಚಿತು. ಓಣಿಯ ಮುದುಕನೊಬ್ಬ ಅವನ ಮುಖ ನೋಡಿ ಮೆಲ್ಲಗೆ ಅಂದ: "ನೀವು ಕೆಟ್ಟವ್ರಲ್ರಿ ಸಾವ್ಕಾರ್ರ. ಕೆಟ್ಟವ್ರಾಗಿದ್ರ ಎಂದೋ ಬೈದು ಕಳಸ್ತಿದ್ವಿ. ಒಳ್ಳೇರ ಕೂಡ ಜಗಳಾ ಹೆಂಗ ತೆಗೀಬೇಕು, ನೀವ ಹೇಳ್ರಿ."

ಶ್ರೀಮಂತ ಹಾರವನ್ನು ಚಿಗವ್ವನ ಪಾದದ ಹತ್ತಿರ ಇಟ್ಟ. ಎದ್ದು ಬಂದು ಹಾಡುಗಾರನ ಕೈ ಹಿಡಿದ. "ನಿನ್ನ ಮಾತು ನಿನಗೆ ವಾಪಸ್ಸು. ಇವತ್ತಿಗೆ ಮಾತ್ರ ಅಲ್ಲ. ಎಲ್ಲಿ ಹಾಡಬೇಕು, ಯಾವ ಹಾಡು ಓಣಿ ದಾಟಬೇಕು, ನೀವು ಕೂತು ತೀರ್ಮಾನ ಮಾಡಿ."

ತಾಳದವಳು ಬಿಡಲಿಲ್ಲ. "ನಾವು ಬ್ಯಾಡ ಅಂದ್ರ?"

"ನಾನು ಮುಟ್ಟಲ್ಲ."

"ನಿಮಗ ಲುಕ್ಸಾನ ಆದ್ರ?"

ಓಣಿಯೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ಅವನೂ ವ್ಯಾಪಾರಿ, ಅವನಿಗೂ ಸಂಸಾರ ಇದೆ. ಆದರೂ "ಆಗಲಿ," ಅಂದ. ಅವನು ಜೀವಮಾನದಲ್ಲಿ ಮಾಡಿದ ದಾನಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟರೂ ಆ ಒಂದು "ಆಗಲಿ"ಯ ತೂಕ ಬರುವುದಿಲ್ಲ.

ತಾಳ ಎದ್ದಿತು. ಹಾಡುಗಾರನ ದನಿ ಮೊದಲು ಒಡೆಯಿತು, ಆಮೇಲೆ ಕೂಡಿಕೊಂಡಿತು:

"ಹಸದವ್ರು ಯಾರಿದ್ರೂ ಒಳಗ ಬಾ ಅಂದಾಕಿ,
ಒಲಿ ಆರಿಸಿ ಒಬ್ಬಾಕಿ ಎಲ್ಲಿಗೆ ಹೊಂಟಿ ಚಿಗವ್ವ?"

"ಎಲ್ಲಿಗೆ ಹೊಂಟಿ ಚಿಗವ್ವ?" ಅಂತ ಓಣಿ ಎತ್ತಿಕೊಂಡಿತು. ಹಿಂದೆ ನಿಂತಿದ್ದ ಶ್ರೀಮಂತನೂ ದನಿಗೂಡಿಸಲು ಹೋಗಿ ನಡುಸಾಲಿಗೇ ಬಾಯಿ ಹಾಕಿಬಿಟ್ಟ. ಪಕ್ಕದ ಹೆಂಗಸು ಮೊಣಕೈಯಲ್ಲಿ ತಿವಿದಳು. "ಈಗಲ್ರಿ, ತಡ್ಕೊಳ್ರಿ." ಅವನು ತಡೆದುಕೊಂಡ. ಸರದಿ ಬಂದಾಗ ಎಲ್ಲರ ಜೊತೆ ಅಂದ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ. ಆ ಶ್ರೀಮಂತ ಯಾವ ಊರಿನವನು ಅಂತ ಹುಡುಕಬೇಡಿ. ನಮ್ಮ ಉತ್ಸವಕ್ಕೆ ಡೊಳ್ಳಿನವರು ಬೇಕು, ಅವರು ಕುಣಿಯುವಾಗ ನಿಮಗೆ ಮೈ ಜುಂ ಅನ್ನುತ್ತದೆ, ನಿಜವಾದ ಪ್ರೀತಿಯೇ ಅದು. ಸಮಿತಿ ಕೂತು ಎಷ್ಟು ಹೊತ್ತು ಬಾರಿಸಬೇಕು, ಎಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡುವಾಗ ಅಲ್ಲಿ ಒಬ್ಬ ಡೊಳ್ಳಿನವನಾದರೂ ಇರುತ್ತಾನೆಯೆ? ಈ ಸಲ ಕೂರಿಸಿಕೊಳ್ಳಿ. ಕರೆದು ಮೂಲೆಯಲ್ಲಿ ಕೂರಿಸುವುದಲ್ಲ. ಅವನು ಬೇಡ ಅಂದರೆ ಬೇಡ ಆಗಬೇಕು.

ಮನೆಗೆ ಬನ್ನಿ. "ನಾನು ಬಹಳ ಒಳ್ಳೆಯ ಅತ್ತೆ, ಸೊಸೆ ತವರಿಗೆ ಹೋಗ್ತೀನಿ ಅಂದರೆ ಒಂದು ದಿನವೂ ಬೇಡ ಅಂದವಳಲ್ಲ" ಅನ್ನುತ್ತೀರಿ. ನೀವು ಒಳ್ಳೆಯವರೇ ತಾಯಿ, ನನಗೆ ಅನುಮಾನವಿಲ್ಲ. ಆದರೆ ಬೇಡ ಅನ್ನುವ ಹಕ್ಕು ನಿಮ್ಮ ಸೆರಗಿನ ಗಂಟಿಗೆ ಯಾವಾಗ ಬಂತು? ಅವಳು ಪ್ರತಿ ಸಲ ಬಂದು ಕೇಳಬೇಕು, ನೀವು ಪ್ರತಿ ಸಲ ದೊಡ್ಡ ಮನಸ್ಸು ಮಾಡಬೇಕು. ಆ ಗಂಟು ಬಿಚ್ಚಿ. ನಾಳೆ ಬೆಳಿಗ್ಗೆ ಸೊಸೆಗೆ "ಹೋಗಿ ಬಾ" ಅನ್ನಬೇಡಿ. "ಯಾವತ್ತು ಹೋಗ್ತೀಯವ್ವ?" ಅಂತ ಕೇಳಿ. ಅವಳು ಹೇಳಿದ ದಿನ ನಿಮಗೆ ಒಗ್ಗದೆ ಇರಬಹುದು. ಅವತ್ತು ಒಲೆಯ ಮುಂದೆ ನೀವೇ ನಿಲ್ಲಬೇಕಾಗಬಹುದು. ನಿಲ್ಲಿ.